ಯಂತ್ರ ಆಮೇಲೆ, ಮೊದಲು ಗೋಣಿ ಬಿಚ್ಚಿ ನೋಡಿ: ಗೇರುಬೀಜದ ಕೆಂಪು ಹೊಟ್ಟಿನ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ದಕ್ಷಿಣ ಕನ್ನಡ ಮತ್ತು ಉಡುಪಿಯ ಜಿಲ್ಲಾಧಿಕಾರಿಗಳು, ಜಿಲ್ಲಾ ಕೈಗಾರಿಕಾ ಕೇಂದ್ರಗಳ ಜಂಟಿ ನಿರ್ದೇಶಕರು, ಎರಡೂ ಜಿಲ್ಲೆಗಳ ಗೇರು ಕಾರ್ಖಾನೆಗಳ ಮಾಲೀಕರು

ಮಾನ್ಯರೇ,

ಗೇರುಬೀಜದ ತಿರುಳಿಗೆ ಅಂಟಿಕೊಂಡು ಕೆಂಪು-ಕಂದು ಬಣ್ಣದ ತೆಳ್ಳನೆಯ ಪೊರೆಯೊಂದಿರುತ್ತದೆ. ಬೋರ್ಮಾದಲ್ಲಿ (ಬಿಸಿಗಾಳಿಯ ಒಣಗಿಸುವ ಗೂಡು) ಒಣಗಿ ಬಂದ ತಿರುಳನ್ನು ಪೀಲಿಂಗ್ ಮೇಜಿನ ಮೇಲೆ ಉಜ್ಜಿದಾಗ ಉದುರುವುದು ಇದೇ. ಈ ಪತ್ರದಲ್ಲಿ ಇದನ್ನು ಹೊಟ್ಟು ಎನ್ನುತ್ತೇವೆ. ಹೊರಗಿನ ಗಟ್ಟಿ ಕವಚ ಚಿಪ್ಪು. ಎರಡನ್ನೂ ‘ಸಿಪ್ಪೆ’ ಎಂದೇ ಕರೆದು ಒಂದೇ ಮೂಲೆಯಲ್ಲಿ ಸುರಿಯುವಲ್ಲಿಂದಲೇ ನಾವು ಹೇಳಹೊರಟ ತಾಪತ್ರಯ ಶುರುವಾಗುತ್ತದೆ.

ಹೊಟ್ಟಿನಿಂದ ಆರೋಗ್ಯಕ್ಕೆ ಒಳ್ಳೆಯದಾದ ಸಾರ ತೆಗೆಯಬಹುದು, ಅದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಸಹಾಯಧನ ಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೊದಲೆರಡು ಮಾತಿಗೆ ನಮ್ಮ ತಕರಾರಿಲ್ಲ. ಮೂರನೆಯದಕ್ಕೆ ಇದೆ. ಸಾರದ ಗುಣ ಯಂತ್ರದಲ್ಲಿ ಹುಟ್ಟುವುದಿಲ್ಲ. ಚಿಪ್ಪು ಒಡೆಯುವ ಕಟ್ಟಿಂಗ್ ಮೇಜಿಗೂ ಗೋದಾಮಿಗೂ ನಡುವಿನ ನೂರು ಅಡಿಯಲ್ಲಿ ಅದು ಉಳಿಯುತ್ತದೆ ಅಥವಾ ಹಾಳಾಗುತ್ತದೆ. ಆದ್ದರಿಂದ ಮೊದಲ ಹಣ ಹೊಟ್ಟನ್ನು ಬೇರ್ಪಡಿಸಿ, ಒಣಗಿಸಿ, ಪರೀಕ್ಷಿಸುವ ವ್ಯವಸ್ಥೆಗೆ ಹೋಗಲಿ. ಸಾರ ತೆಗೆಯುವ ಘಟಕ ಎರಡು ಜಿಲ್ಲೆಗೆ ಸೇರಿ ಒಂದಿದ್ದರೆ ಸದ್ಯಕ್ಕೆ ಸಾಕು. ಯಾಕೆಂದು ವಿವರಿಸುತ್ತೇವೆ.

ಹೊಟ್ಟಿನಲ್ಲಿ ಏನಿದೆ ಎಂಬುದು ಹೊಸ ಸಂಗತಿಯಲ್ಲ. ಅದರಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಪದಾರ್ಥಗಳಲ್ಲಿ ಮುಖ್ಯವಾದವು ಕ್ಯಾಟೆಚಿನ್ ಮತ್ತು ಎಪಿಕ್ಯಾಟೆಚಿನ್ ಎಂದು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1970ರಲ್ಲೇ ಪ್ರಕಟಿಸಿದ್ದರು. ಚಹಾ ಎಲೆ, ಕೋಕೋ ಬೀಜದಲ್ಲಿರುವುದೂ ಇದೇ ಕುಟುಂಬದ ಪದಾರ್ಥ. ಇವೇ ಸರಪಳಿಯಾಗಿ ಹೆಣೆದುಕೊಂಡಾಗ ಟ್ಯಾನಿನ್ ಆಗುತ್ತದೆ. ಹೊಟ್ಟು ಸರಿಯಾಗಿ ಹೋಗದ ಗೋಡಂಬಿ ತಿಂದಾಗ ನಾಲಿಗೆ ಹಿಡಿದುಕೊಳ್ಳುವ ಚೊಗರು ಅದರದ್ದು. ಚರ್ಮ ಹದ ಮಾಡುವವರು ಹೊಟ್ಟನ್ನು ಕೊಳ್ಳುವುದೂ ಅದಕ್ಕಾಗಿಯೇ.

ಇನ್ನು ಪ್ರಮಾಣ. ಒಂದು ಟನ್ ಕಚ್ಚಾ ಬೀಜದಲ್ಲಿ ತಿರುಳು 200ರಿಂದ 250 ಕಿಲೋ ಸಿಕ್ಕರೆ ಹೊಟ್ಟು ಸಿಗುವುದು ಹತ್ತಿರಹತ್ತಿರ 20 ಕಿಲೋ. ದಿನಕ್ಕೆ ಎರಡು ಟನ್ ಬೀಜ ಒಡೆಯುವ ಕಾರ್ಖಾನೆಗೆ ದಿನಕ್ಕೆ 40 ಕಿಲೋ ಹೊಟ್ಟು. ಸಾರ ತೆಗೆಯುವ ಒಂದು ಸಾವಿರ ಲೀಟರಿನ ಟ್ಯಾಂಕಿಗೆ, ಒಂದು ಕಿಲೋಗೆ ಹತ್ತು ಲೀಟರ್ ದ್ರವದ ಲೆಕ್ಕದಲ್ಲಿ, ಒಂದು ಸಲಕ್ಕೆ 80 ಕಿಲೋ ಬೇಕು. ಹೊಟ್ಟು ಉಬ್ಬುವುದಕ್ಕೆ, ಕಲಕುವುದಕ್ಕೆ ಮೇಲೆ ಜಾಗ ಬಿಡಲೇಬೇಕು. ಅಂದರೆ ಅಂಥ ಎರಡು ಕಾರ್ಖಾನೆಗಳ ಇಡೀ ದಿನದ ಹೊಟ್ಟು ಒಂದೇ ಬ್ಯಾಚಿಗೆ ಮುಗಿಯಿತು. ಕಾರ್ಖಾನೆಗೊಂದು ಘಟಕ ಕಟ್ಟಿದರೆ ಟ್ಯಾಂಕು ವಾರದ ಅರ್ಧದಷ್ಟು ದಿನಗಳು ಖಾಲಿ ಕೂರುತ್ತದೆ. ಕಾರ್ಕಳ, ಕುಂದಾಪುರ, ಮಂಗಳೂರು ಸುತ್ತಲಿನ ಕಾರ್ಖಾನೆಗಳು ಸೇರಿ ಒಂದು ಕಡೆ ಸುರಿದರೆ ಮಾತ್ರ ಲೆಕ್ಕ ಕೂಡುತ್ತದೆ.

ಹಾಗೆ ಒಂದು ಕಡೆ ಸುರಿದಾಗ ಒಬ್ಬರ ಕೆಟ್ಟ ಚೀಲ ಎಲ್ಲರ ಬ್ಯಾಚನ್ನು ಕೆಡಿಸುತ್ತದೆ. ಕೆಡಿಸುವ ಮೊದಲ ವಸ್ತು ಚಿಪ್ಪಿನ ಎಣ್ಣೆ.

ಚಿಪ್ಪಿನೊಳಗಿನ ಜೇನುಗೂಡಿನಂಥ ಪದರದಲ್ಲಿರುವ ಆ ಕಪ್ಪೆಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಟ್ಟಿಂಗಿಗೆ ಕೂರುವ ಹೆಂಗಸರು ಕೈಗೆ ಎಣ್ಣೆ, ಬೂದಿ ಬಳಿದುಕೊಳ್ಳುವುದು ಅದಕ್ಕೇ. ಅದರ ಬಹುಪಾಲು ಅನಕಾರ್ಡಿಕ್ ಆಮ್ಲ, ಜೊತೆಗೆ ಕಾರ್ಡಾಲ್ ಮತ್ತು ಕಾರ್ಡನಾಲ್. ಬ್ಲೇಡಿನಲ್ಲಿ ಚಿಪ್ಪು ಸೀಳುವಾಗ ಎಣ್ಣೆ ಬ್ಲೇಡಿಗೆ, ಬ್ಲೇಡಿನಿಂದ ತಿರುಳಿನ ಮೈಗೆ ಹತ್ತುತ್ತದೆ. ತಿರುಳಿನ ಮೈಯೆಂದರೆ ಆಗ ಹೊಟ್ಟೇ. ಅದು ಸ್ಪಂಜಿನಂತೆ ಹೀರಿಕೊಂಡು ತಿರುಳನ್ನು ಕಾಪಾಡುತ್ತದೆ. ತಿನ್ನುವವರಿಗೆ ಅದು ಉಪಕಾರ, ಸಾರ ತೆಗೆಯುವವರಿಗೆ ಉಪದ್ರ. ಬ್ಲೇಡಿನ ಅಂತರ ಬೀಜದ ಗಾತ್ರಕ್ಕೆ ಹೊಂದದಿದ್ದರೆ, ಹಬೆ ಕೊಟ್ಟ ಬೀಜವನ್ನು ಪೂರ್ತಿ ಆರಲು ಬಿಡದೆ ಒಡೆದರೆ ಎಣ್ಣೆ ಹತ್ತುವುದು ಹೆಚ್ಚು. ಗಾತ್ರದ ಪ್ರಕಾರ ಬೀಜ ಜರಡಿ ಹಿಡಿದು, ಗಾತ್ರಕ್ಕೆ ತಕ್ಕ ಬ್ಲೇಡಿಗೆ ಕೊಟ್ಟರೆ ಗೋಡಂಬಿ ತುಂಡಾಗುವುದೂ ಕಡಿಮೆ, ಹೊಟ್ಟೂ ಶುದ್ಧ. ಡ್ರಮ್ಮಿನಲ್ಲಿ ಹುರಿದ ಬೀಜದ ಹೊಟ್ಟಿಗೆ ಹೊಗೆ ಮತ್ತು ಕಾದ ಎಣ್ಣೆ ಎರಡೂ ಹತ್ತಿರುತ್ತವೆ. ಅದನ್ನು ತಿನ್ನುವ ಸಾರಕ್ಕೆ ತರಲೇಬೇಡಿ, ಚರ್ಮದವರಿಗೆ ಕೊಡಿ.

ಎರಡನೆಯದು ತಿರುಳಿನ ಪುಡಿ. ಗಾಳಿಯ ಒತ್ತಡದ ಪೀಲಿಂಗ್ ಯಂತ್ರ ಹೊಟ್ಟಿನ ಜೊತೆ ತಿರುಳಿನ ಚೂರನ್ನೂ ಎತ್ತಿಕೊಂಡು ಹೋಗುತ್ತದೆ. ತಿರುಳಿನ ತೂಕದಲ್ಲಿ ಶೇ. 45ರಷ್ಟು ಕೊಬ್ಬು. ಚೀಲದೊಳಗೆ ಅದು ಕೆಲವೇ ವಾರದಲ್ಲಿ ಕಮಟು ಹಿಡಿಯುತ್ತದೆ. ಸಾರ ತೆಗೆಯುವಾಗ ಬಟ್ಟೆಯ ಕಣ್ಣು ಮುಚ್ಚಿ ಸೋಸುವುದು ನಿಂತುಹೋಗುತ್ತದೆ.

ಇವೆರಡನ್ನೂ ಗೋದಾಮಿನ ಬಾಗಿಲಲ್ಲೇ ಹಿಡಿಯುವುದು ಸಾಧ್ಯ. ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ಹೊಟ್ಟು ತೆಗೆದು ಬೆರೆಸಿ, ಬಿಳಿ ಕಾಗದದ ಮೇಲೆ ಹರಡಿ, ಮೇಲೊಂದು ಕಾಗದ ಮುಚ್ಚಿ, ಐದು ಕಿಲೋ ತೂಕದ ಕಲ್ಲಿಟ್ಟು ರಾತ್ರಿ ಬಿಡಿ. ಕೈಗವಸು ಹಾಕಿಕೊಂಡೇ ಮಾಡಿ. ಬೆಳಗ್ಗೆ ಕಾಗದ ಒಣಗಿದ್ದು, ಕೊಡವಿದಾಗ ಕೆಂಪು ಧೂಳು ಮಾತ್ರ ಉದುರಿದರೆ ಚೀಲ ಒಳಗೆ ಬರಲಿ. ಬೆಳಕಿಗೆ ಹಿಡಿದಾಗ ಪಾರದರ್ಶಕ ಕಲೆ ಕಂಡರೆ ತಿರುಳಿನ ಪುಡಿ ಇದೆ, ಜರಡಿಗೆ ಹಾಕಿ. ಕಲೆ ಕಂದು ಬಣ್ಣಕ್ಕಿದ್ದು ಖಾರ ವಾಸನೆ ಹೊಡೆದರೆ ಚಿಪ್ಪಿನ ಎಣ್ಣೆ. ಆ ಚೀಲ ಹೊರಗೇ ಇರಲಿ. ಇದು ಪ್ರಯೋಗಾಲಯದ ಪರೀಕ್ಷೆಯ ಬದಲಿಗಲ್ಲ. ಪ್ರಯೋಗಾಲಯಕ್ಕೆ ಕಳಿಸಲು ಯೋಗ್ಯವೇ ಎಂದು ನೋಡುವುದಕ್ಕೆ, ಅಷ್ಟೆ.

ಮೂರನೆಯ ಶತ್ರು ನಮ್ಮ ಊರಿನ ಮಳೆಗಾಲ. ಬೋರ್ಮಾದಲ್ಲಿ 65ರಿಂದ 70 ಡಿಗ್ರಿಯಲ್ಲಿ ಆರೆಂಟು ಗಂಟೆ ಕಳೆದು ಬರುವ ತಿರುಳು ಗರಿಗರಿಯಾಗಿರುತ್ತದೆ, ಹೊಟ್ಟೂ ಹಾಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಹೊಟ್ಟನ್ನು ಗೋಣಿಯಲ್ಲಿ ತುಂಬಿ ಸಿಮೆಂಟ್ ನೆಲದ ಮೇಲಿಟ್ಟರೆ ಹೀರದೆ ಬಿಡುವುದಿಲ್ಲ. ತೇವ ಶೇ. 10 ದಾಟಿದರೆ ಬೂಷ್ಟು ಹಿಡಿಯುವ ಭಯ, ಬೂಷ್ಟಿನ ಬೆನ್ನಿಗೆ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ. ಮೇಲೆ ಬಿಸಿಲು ತೋರಿಸಿದರೆ ಬೂಷ್ಟು ಕಾಣೆಯಾಗಬಹುದು, ವಿಷ ಹೋಗುವುದಿಲ್ಲ. ಒಳಗೆ ಪ್ಲಾಸ್ಟಿಕ್ ಪದರವಿರುವ ಚೀಲ, ಪೀಲಿಂಗ್ ಆದ ದಿನವೇ ಬಾಯಿ ಕಟ್ಟುವುದು, ನೆಲದಿಂದ ಒಂದು ಗೇಣು ಮೇಲೆ ಮರದ ಹಲಗೆ, ಚೀಲದ ಮೇಲೆ ತಾರೀಖು ಮತ್ತು ಬೀಜ ಬಂದ ಲಾಟ್ ನಂಬರ್ — ಇಷ್ಟೂ ಬೇಕು. ಲಾಟ್ ನಂಬರ್ ಯಾಕೆಂದರೆ ಇಲ್ಲಿ ಒಡೆಯುವ ಬೀಜದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದೂ ಬಹಳ ಇರುತ್ತದೆ. ಯಾವ ಲಾಟ್‌ಗೆ ಹುಳು ಕೊಲ್ಲುವ ಯಾವ ಧೂಮೀಕರಣ ಆಗಿದೆ, ಎಷ್ಟು ತಿಂಗಳು ಗೋದಾಮಿನಲ್ಲಿತ್ತು ಎಂದು ಹಿಂದಕ್ಕೆ ಹೋಗಿ ನೋಡಲು ಬರಬೇಕು.

ಇಷ್ಟು ಕೆಲಸ ಹೆಚ್ಚಿಗೆ ಮಾಡುವವರು ಪೀಲಿಂಗ್ ಮೇಜಿನ ಹೆಂಗಸರು. ಅವರ ಕೂಲಿ ಗೋಡಂಬಿಯ ತೂಕಕ್ಕೆ, ಹೊಟ್ಟಿನದ್ದಕ್ಕಲ್ಲ. ಹೊಟ್ಟಿಗೂ ಕಿಲೋ ಲೆಕ್ಕದಲ್ಲಿ ಬೇರೆ ದರ ಕಟ್ಟದೆ ಶುದ್ಧ ಹೊಟ್ಟು ಬರುವುದೆಂದು ಯಾರೂ ಎಣಿಸಬಾರದು. ಧೂಳು ಮೂಗಿಗೆ ಹೋಗದಂತೆ ಮಾಸ್ಕೂ ಆ ಲೆಕ್ಕದಲ್ಲೇ ಬರಬೇಕು.

ಈಗ ಸಾರ ತೆಗೆಯುವ ಕೆಲಸಕ್ಕೆ ಬರೋಣ. ಹೊಟ್ಟನ್ನು ಅರ್ಧದಿಂದ ಒಂದು ಮಿಲಿಮೀಟರ್‌ವರೆಗೆ ತರಿಯಾಗಿ ಒಡೆದರೆ ಸಾಕು. ಹಿಟ್ಟಿನಂತೆ ನುಣ್ಣಗೆ ಮಾಡಿದರೆ ಸಾರ ಬೇಗ ಬರುತ್ತದೆ ಎಂಬುದು ನಿಜವಾದರೂ ಸೋಸುವಾಗ ಕೆಸರಾಗಿ ಕೂರುತ್ತದೆ. ದ್ರವ ಎಂದರೆ ಶೇ. 50ರಿಂದ 60ರಷ್ಟು ಈಥೈಲ್ ಆಲ್ಕೋಹಾಲ್, ಉಳಿದದ್ದು ನೀರು. ಶುದ್ಧ ಆಲ್ಕೋಹಾಲಿನಲ್ಲಿ ಟ್ಯಾನಿನ್ ಸರಿಯಾಗಿ ಬಿಡುವುದಿಲ್ಲ, ಮೇಲಾಗಿ ಎಣ್ಣೆ ಹೆಚ್ಚು ಕರಗಿ ಬರುತ್ತದೆ. ಬರೀ ನೀರಿನಲ್ಲಿ ಸಕ್ಕರೆ, ಪಿಷ್ಟ, ಅಂಟು ಎಲ್ಲ ಬಂದು ಗಂಜಿಯಾಗುತ್ತದೆ, ಮರುದಿನಕ್ಕೆ ಹುಳಿಯುತ್ತದೆ. ಮೆಥನಾಲ್, ಅಸಿಟೋನಿನಲ್ಲಿ ಸಾರ ಚೆನ್ನಾಗಿ ಬರುತ್ತದೆಂದು ಪ್ರಬಂಧಗಳಲ್ಲಿ ಓದಿ ಹೊರಡುವವರಿದ್ದಾರೆ. ಅದು ಪ್ರಯೋಗಾಲಯದಲ್ಲಿ ಅಳತೆಗೆ. ತಿನ್ನುವ ಪದಾರ್ಥಕ್ಕೆ ಮೆಥನಾಲ್ ಹತ್ತಿರವೂ ಸುಳಿಯಬಾರದು.

ಉಷ್ಣತೆ 50ರಿಂದ 55 ಡಿಗ್ರಿ, ನಿಧಾನ ಕಲಕುತ್ತ ಒಂದು ಗಂಟೆ. ಬಸಿದು, ಉಳಿದ ಹೊಟ್ಟಿಗೆ ಮೊದಲಿನ ಅರ್ಧದಷ್ಟು ದ್ರವ ಹಾಕಿ ಇನ್ನೊಮ್ಮೆ. ಮೂರನೇ ಸಲ ಬೇಡ. ಅದರಲ್ಲಿ ಬರುವ ಸಾರಕ್ಕಿಂತ ಆಲ್ಕೋಹಾಲ್ ಆವಿ ಮಾಡಿ ವಾಪಸು ಪಡೆಯುವ ಖರ್ಚೇ ಜಾಸ್ತಿ. ಬೇಕಾದಷ್ಟು ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 4ರಿಂದ 5ರಲ್ಲಿ ನಿಲ್ಲಿಸಿ. ಕ್ಯಾಟೆಚಿನ್ ಅಲ್ಲಿ ನೆಮ್ಮದಿಯಾಗಿರುತ್ತದೆ, 7 ದಾಟಿದರೆ ಬೇಗ ಕಪ್ಪಾಗಿ ಕೆಡುತ್ತದೆ. ಸೋಡಾ ಹಾಕಿದರೆ ಬಣ್ಣ ಗಾಢವಾಗಿ ಬರುತ್ತದೆ, ತೂಕವೂ ಹೆಚ್ಚು ಬರುತ್ತದೆ. ಮರಕ್ಕೆ ಹಚ್ಚುವ ಅಂಟಿಗಾದರೆ ಸರಿ. ಆರೋಗ್ಯದ ಸಾರಕ್ಕೆ ಸೋಡಾ ಹಾಕುವುದೆಂದರೆ ತೂಕ ಉಳಿಸಿಕೊಂಡು ಸರಕು ಕಳೆದುಕೊಂಡ ಹಾಗೆ.

ಒಂದು ವಿಷಯ ನಮ್ಮ ಊರಿನದ್ದೇ. ಮುರಕಲ್ಲಿನ ನೆಲದ ಬಾವಿನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣದ ಅಂಶವಿರುತ್ತದೆ. ಬಿಳಿ ಬಟ್ಟೆ ಒಗೆದವರಿಗೆ ಗೊತ್ತು. ಟ್ಯಾನಿನ್ ಮತ್ತು ಕಬ್ಬಿಣ ಕೂಡಿದರೆ ನೀಲಿಗಪ್ಪು ಶಾಯಿ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ತತ್ವದಲ್ಲಿ. ಬಾವಿನೀರು ನೇರ ಸುರಿದ ಬ್ಯಾಚು, ಮೈಲ್ಡ್ ಸ್ಟೀಲಿನ ಟ್ಯಾಂಕಿನಲ್ಲಿ ಮಾಡಿದ ಬ್ಯಾಚು ಅರ್ಧ ಗಂಟೆಯಲ್ಲಿ ಕೆಂಪು ಕಳೆದುಕೊಂಡು ಮಸಿಯಾಗುತ್ತದೆ. ಆದ್ದರಿಂದ ಆರ್‌ಒ ನೀರು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು ಬೇಕು. ಹೊಟ್ಟು ಒಡೆಯುವ ಹ್ಯಾಮರ್ ಮಿಲ್ಲಿನ ಸುತ್ತಿಗೆಯೂ ತುಕ್ಕು ಬಿಡದ್ದಾಗಿರಬೇಕು, ಅದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಬಸಿದ ದ್ರವವನ್ನು ಹತ್ತು ಡಿಗ್ರಿಗೆ ತಣಿಸಿ ರಾತ್ರಿ ಇಟ್ಟರೆ ಭಾರದ ಗಸಿ ತಳ ಸೇರುತ್ತದೆ. ಮೇಲಿನ ತಿಳಿಯನ್ನು ನಿರ್ವಾತದಲ್ಲಿ ಇಂಗಿಸಬೇಕು. ನೂರು ಮಿಲಿಬಾರ್ ಒತ್ತಡದಲ್ಲಿ ನೀರೇ ಸುಮಾರು 46 ಡಿಗ್ರಿಗೆ ಕುದಿಯುವುದರಿಂದ ಸಾರ ಸುಡುವುದಿಲ್ಲ. ತೆರೆದ ಬಾಣಲೆಯಲ್ಲಿ ಬೆಲ್ಲದಂತೆ ಕಾಯಿಸುವ ಉಪಾಯ ಬೇಡ. ದ್ರವವನ್ನು ಸಿಂಪಡಿಸಿ ಒಣಗಿಸುವ ಸ್ಪ್ರೇ ಡ್ರೈಯರ್‌ನಲ್ಲಿ ಪುಡಿ ಮಾಡಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಬೆರೆಸಬೇಕಾಗುತ್ತದೆ, ಇಲ್ಲದಿದ್ದರೆ ಗೋಡೆಗೆ ಅಂಟುತ್ತದೆ. ಎಷ್ಟು ಬೆರೆಸಿದಿರೋ ಅಷ್ಟನ್ನು ಲೇಬಲ್ಲಿನಲ್ಲಿ ಹೇಳಬೇಕು. ಆಷಾಢದಲ್ಲಿ ಆ ಪುಡಿಯನ್ನು ತೇವ ತೆಗೆಯುವ ಯಂತ್ರವಿಲ್ಲದ ಕೋಣೆಯಲ್ಲಿ ತೂಗಲು ಹೊರಟರೆ ತಕ್ಕಡಿಯ ಮೇಲೇ ಗಟ್ಟಿಯಾಗುತ್ತದೆ.

ಆಲ್ಕೋಹಾಲಿನ ಲೆಕ್ಕ ಆಡಳಿತದ ಗಮನಕ್ಕೆ. 800 ಲೀಟರ್ ಶೇ. 60ರ ದ್ರವಕ್ಕೆ ಶೇ. 96ರ ಆಲ್ಕೋಹಾಲ್ 500 ಲೀಟರ್ ಬೇಕು, ಎರಡನೇ ಸುತ್ತಿಗೆ ಇನ್ನೂ 250. ಬಹುಪಾಲು ವಾಪಸು ಸಿಗುತ್ತದೆ. ಆದರೆ ಬಸಿದ ಹೊಟ್ಟು ತನ್ನ ತೂಕದಷ್ಟಾದರೂ ದ್ರವ ಹಿಡಿದುಕೊಂಡಿರುತ್ತದೆ, ಹಿಂಡಿ ತೆಗೆಯದಿದ್ದರೆ ನಷ್ಟ ಅಲ್ಲೇ. ಶಾಲೆ ಪ್ರಯೋಗಾಲಯಕ್ಕೆ, ಪಾಲಿಶಿಗೆ ಸಿಗುವ ಡಿನೇಚರ್ಡ್ ಸ್ಪಿರಿಟ್ ಇದಕ್ಕೆ ನಡೆಯದು. ಅದಕ್ಕೆ ಬೆರೆಸಿರುವುದು ಕುಡಿಯಬಾರದೆಂದೇ. ಆಹಾರ ದರ್ಜೆಯದ್ದಕ್ಕೆ ಅಬಕಾರಿ ಪರವಾನಗಿ, ದಾಸ್ತಾನು ಪುಸ್ತಕ, ತಪಾಸಣೆ ಎಲ್ಲ ಉಂಟು, ಇರಲೂ ಬೇಕು. ಹತ್ತು ಸಣ್ಣ ಘಟಕಗಳು ಹತ್ತು ಪರವಾನಗಿಗೆ ಅಲೆಯುವುದಕ್ಕಿಂತ ಒಂದೇ ಘಟಕಕ್ಕೆ ಒಂದೇ ಪರವಾನಗಿ ಎಲ್ಲರಿಗೂ ಸುಲಭ. ಇನ್ನೊಂದು: ಈ ದ್ರವ ಮಂಗಳೂರಿನ ಮಾಮೂಲು ಸೆಕೆಗೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಗೇರು ಕಾರ್ಖಾನೆಯಲ್ಲಿ ಬಾಯ್ಲರು ಉರಿಯುವುದು ಅದರದೇ ಚಿಪ್ಪಿನಲ್ಲಿ, ಕಿಡಿ ಹಾರುತ್ತಲೇ ಇರುತ್ತದೆ. ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಆಲ್ಕೋಹಾಲಿನ ಟ್ಯಾಂಕು ಇಡಲು ಯಾರಾದರೂ ನಕ್ಷೆ ತಂದರೆ ದಯವಿಟ್ಟು ಸಹಿ ಹಾಕಬೇಡಿ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ, ಕಿಡಿ ನಿರೋಧಕ ಮೋಟಾರು ಮತ್ತು ವೈರಿಂಗ್ ಸಹಿತ, ಪ್ರತ್ಯೇಕ ಕಟ್ಟಡ ಬೇಕು. ಮುಗಿದ ಹೊಟ್ಟನ್ನು ಆಲ್ಕೋಹಾಲ್ ಪೂರ್ತಿ ತೆಗೆದ ಮೇಲೆಯೇ ಗೊಬ್ಬರಕ್ಕೆ ಹಾಕಬೇಕು. ಕಂದು ನೀರು ಫಲ್ಗುಣಿ ನದಿಗೋ ಸುವರ್ಣಾ ನದಿಗೋ ಹೋಗಬಾರದು, ಟ್ಯಾನಿನ್ ನೀರಿನ ಆಮ್ಲಜನಕ ತಿನ್ನುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಬೋನು ಇದೆ, ನಾವು ಈ ಪತ್ರ ಬರೆಯಲು ಮುಖ್ಯ ಕಾರಣ ಅದು. ಸಾಮಾನ್ಯವಾಗಿ ಸಾರದ ಗುಣವನ್ನು ‘ಒಟ್ಟು ಫಿನಾಲ್’ ಎಂದು ಅಳೆಯುತ್ತಾರೆ. ಫೋಲಿನ್ ದ್ರಾವಣ ಹಾಕಿ, ನೀಲಿ ಎಷ್ಟು ಗಾಢವೋ ಅಷ್ಟು ಒಳ್ಳೆಯದು ಎಂದು. ಅಗ್ಗ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆದರೆ ಚಿಪ್ಪಿನ ಎಣ್ಣೆಯ ಕಾರ್ಡಾಲ್, ಕಾರ್ಡನಾಲ್ ಕೂಡ ಫಿನಾಲ್ ಜಾತಿಯವೇ. ಎಣ್ಣೆ ಹತ್ತಿದ ಹೊಟ್ಟಿನ ಸಾರ ಈ ಪರೀಕ್ಷೆಯಲ್ಲಿ ಶುದ್ಧ ಸಾರಕ್ಕಿಂತ ಕಡಿಮೆ ಅಂಕ ಪಡೆಯುವುದೆಂಬ ಖಾತ್ರಿಯಿಲ್ಲ, ಹೆಚ್ಚೇ ಪಡೆದೀತು. ಕೆಟ್ಟದ್ದಕ್ಕೆ ಬಹುಮಾನ ಕೊಡುವ ಅಳತೆ ಇಟ್ಟುಕೊಂಡು ದರ ನಿಗದಿ ಮಾಡಿದರೆ ಜನ ಏನು ತರುತ್ತಾರೆಂದು ಬೇರೆ ಹೇಳಬೇಕೇ? ಕ್ಯಾಟೆಚಿನ್ ಎಷ್ಟು, ಎಪಿಕ್ಯಾಟೆಚಿನ್ ಎಷ್ಟು, ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಎಷ್ಟು ಎಂದು ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬೇರೆಬೇರೆಯಾಗಿ ನೋಡಬೇಕು. ಮೊದಲೆರಡಕ್ಕೆ ಕನಿಷ್ಠ ಮಿತಿ, ಉಳಿದವಕ್ಕೆ ಗರಿಷ್ಠ ಮಿತಿ.

ಕೀಟನಾಶಕದ ಉಳಿಕೆಯೂ ಹಾಗೆಯೇ. ನಾಲ್ಕು ಕಿಲೋ ಹೊಟ್ಟಿನಿಂದ ಒಂದು ಕಿಲೋ ಪುಡಿ ಬಂತೆಂದಿಟ್ಟುಕೊಳ್ಳಿ. ಕರಗುವ ಉಳಿಕೆ ಏನಿದ್ದರೂ ಅದು ನಾಲ್ಕು ಪಟ್ಟು ಸಾಂದ್ರವಾಯಿತು. ಹೊಟ್ಟಿನಲ್ಲಿ ಮಿತಿಯೊಳಗಿತ್ತು ಎಂಬ ವರದಿ ಪುಡಿಗೆ ಸಾಲದು. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಗೇರು ತೋಪುಗಳ ಮೇಲೆ ಕಂಡ ನೆಲ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದರೂ ಗೇರಿನ ಹೆಸರಲ್ಲಿ ‘ಆರೋಗ್ಯ’ ಎಂದು ಬರೆಯುವ ಮೊದಲು ಇಲ್ಲಿನವರಿಗೆ ಕಾಗದ ತೋರಿಸುವ ಹೊಣೆ ಉಳಿದೇ ಇದೆ.

ಆರೋಗ್ಯ ಎಂಬ ಪದದ ಬಗ್ಗೆಯೂ ಹೇಳಿಬಿಡುತ್ತೇವೆ. ಪರೀಕ್ಷಾನಳಿಕೆಯಲ್ಲಿ ಆಂಟಿಆಕ್ಸಿಡೆಂಟ್ ಎಂದು ತೋರಿಸಿದ್ದು ಮನುಷ್ಯನ ಮೈಯಲ್ಲಿ ಕಾಯಿಲೆ ತಡೆಯುತ್ತದೆಂದು ಅರ್ಥವಲ್ಲ. ಕೋಕೋ ಫ್ಲವನಾಲ್ (ಕ್ಯಾಟೆಚಿನ್ ಕುಟುಂಬದ್ದೇ) ದಿನಕ್ಕೆ 200 ಮಿಲಿಗ್ರಾಂ ರಕ್ತನಾಳದ ಸ್ಥಿತಿಸ್ಥಾಪಕತ್ವಕ್ಕೆ ಸಹಾಯಕ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿತು. ಅದು ಕೋಕೋಗೆ, ಗೇರಿನ ಹೊಟ್ಟಿಗೆ ಆ ಮಾತನ್ನು ಎರವಲು ತರುವಂತಿಲ್ಲ. ಅದೇ ಪ್ರಾಧಿಕಾರ 2018ರಲ್ಲಿ, ಹಸಿರು ಚಹಾದ ಸಾರದ ಮಾತ್ರೆಗಳಲ್ಲಿ ಇಜಿಸಿಜಿ ಎಂಬ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ತೊಂದರೆಯ ಲಕ್ಷಣ ಕಾಣುತ್ತದೆಂದೂ ಎಚ್ಚರಿಸಿತು. ಚಹಾ ಕುಡಿಯುವುದು ಬೇರೆ, ಅದರ ಸಾರ ನುಂಗುವುದು ಬೇರೆ. ಟ್ಯಾನಿನ್ ಊಟದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ರಕ್ತಹೀನತೆಗೆಂದು ಕೊಡುವ ಹಿಟ್ಟು, ಲಾಡುಗಳಿಗೆ ಇದನ್ನು ಬೆರೆಸುವ ಉತ್ಸಾಹ ಯಾರೂ ತೋರಬಾರದು. ಗೋಡಂಬಿ ಅಲರ್ಜಿ ಇರುವವರಿಗೆ ಸಾರದಲ್ಲುಳಿದ ಅಲ್ಪ ಪ್ರೋಟೀನೂ ಸಾಕಾಗುತ್ತದೆ. ಲೇಬಲ್ಲಿನಲ್ಲಿ ಎಚ್ಚರಿಕೆ ಕಡ್ಡಾಯ. ಮಾನದಂಡವಿಲ್ಲದ ಆಹಾರ ಪದಾರ್ಥಕ್ಕೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2017ರ ನಿಯಮದಂತೆ ಮುಂಚಿತ ಒಪ್ಪಿಗೆ ಬೇಕು. ಆ ಅರ್ಜಿಗೆ ಸುರಕ್ಷತೆಯ ದಾಖಲೆ ಕೇಳುತ್ತಾರೆ. ಒಂದೊಂದು ಕಾರ್ಖಾನೆ ಅದನ್ನು ಒದಗಿಸಲಾರದು. ಇಲ್ಲಿಯೂ ಒಟ್ಟಾಗಿ ಒಂದೇ ಅರ್ಜಿ.

ಗೇರಿನ ಮಾತು ಬಂದಲ್ಲೆಲ್ಲ ‘ಅಡಿಕೆಯನ್ನೂ ಸೇರಿಸಿ’ ಎನ್ನುವವರಿರುತ್ತಾರೆ. ನಮ್ಮ ಉತ್ತರ: ಬೇಡ. ಅಡಿಕೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮೊದಲ ವರ್ಗದ ಕ್ಯಾನ್ಸರ್‌ಕಾರಕವೆಂದು ವಿಂಗಡಿಸಿದೆ. ಬೆಳೆಗಾರರಿಗೆ ಅದರ ಬಗ್ಗೆ ಭಿನ್ನಾಭಿಪ್ರಾಯವಿದೆ, ಆ ವಾದ ಇಲ್ಲಿಯದ್ದಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ ಜೊತೆ ಅಡಿಕೆಯ ಅಮಲಿನ ಅಂಶವಾದ ಅರೆಕೋಲಿನ್ ಕೂಡ ಬರುತ್ತದೆ. ಬಟ್ಟೆಗೆ ಬಣ್ಣವಾಗಿ ಅದು ಚೆನ್ನ, ಬಾಯಿಗೆ ಹಾಕುವ ಆರೋಗ್ಯದ ಪುಡಿಯಾಗಿ ಅಲ್ಲ. ಚಾಲಿ (ಒಣಗಿಸಿದ ಅಡಿಕೆ) ಸುಲಿದ ಸಿಪ್ಪೆಗೆ ಗೊಬ್ಬರ, ಅಣಬೆಯ ದಾರಿ ಇದ್ದೇ ಇದೆ.

ಗೇರುಹಣ್ಣಿನದ್ದು ಬೇರೆ ಕಥೆ. ಬೀಜದ ಹಲವು ಪಟ್ಟು ತೂಗುವ ಹಣ್ಣು ಮಾರ್ಚ್‌ನಿಂದ ಮೇವರೆಗೆ ತೋಪಿನಲ್ಲಿ ಕೊಳೆಯುತ್ತದೆ. ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಅದರಲ್ಲಿದೆ. ಲೀಟರ್ ರಸಕ್ಕೆ ಐದು ಗ್ರಾಂ ಸಾಬಕ್ಕಿ ಪುಡಿಯನ್ನು ಗಂಜಿ ಕಾಯಿಸಿ ಹಾಕಿ, ಹನ್ನೆರಡು ಗಂಟೆ ಬಿಟ್ಟರೆ ಚೊಗರು ತಳಕ್ಕಿಳಿದು ರಸ ತಿಳಿಯಾಗುತ್ತದೆ. ಆದರೆ ನೆಲಕ್ಕೆ ಬಿದ್ದ ಹಣ್ಣು ಮರುದಿನಕ್ಕೆ ಹುಳಿ. ತೋಪಿನಿಂದ ಅದೇ ದಿನ ಸಾಗಿಸುವ ಗಾಡಿ ಇಲ್ಲದೆ ಈ ಯೋಜನೆ ಬೇಡ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಹಣ್ಣಿನ ಬಳಕೆಯ ಬಗ್ಗೆ ಮಾಡಿದ ಕೆಲಸ ಮನೆಬಾಗಿಲಲ್ಲೇ ಇದೆ, ಅದನ್ನು ಬೇರೆಯಾಗಿ ಎತ್ತಿಕೊಳ್ಳಿ.

ಆದ್ದರಿಂದ ಕೇಳುವುದು ಇಷ್ಟು. ಹೊಟ್ಟಿಗೆ ಒಂದು ಪುಟದ ಖರೀದಿ ಮಾನದಂಡ ಬರೆಯಿಸಿ: ಹಬೆ ಕೊಟ್ಟ ಬೀಜದ್ದೇ ಆಗಿರಬೇಕು, ತೇವ ಶೇ. 8ರೊಳಗೆ, ಕಾಗದದ ಪರೀಕ್ಷೆಯಲ್ಲಿ ಕಲೆಯಿಲ್ಲ, ಚೀಲದ ಮೇಲೆ ಲಾಟ್ ಮತ್ತು ತಾರೀಖು. ಎಚ್‌ಪಿಎಲ್‌ಸಿ ಪರೀಕ್ಷೆಗೆ ಹೊಸ ಪ್ರಯೋಗಾಲಯ ಕಟ್ಟುವ ಅಗತ್ಯವಿಲ್ಲ. ಸುರತ್ಕಲ್, ಕೊಣಾಜೆ, ಮಣಿಪಾಲದ ವಿದ್ಯಾಸಂಸ್ಥೆಗಳ ಜೊತೆ ಕೂತು ಒಂದು ಮಾದರಿಗೆ ಇಷ್ಟು ದರ, ಇಷ್ಟು ದಿನದಲ್ಲಿ ವರದಿ ಎಂದು ಒಪ್ಪಂದ ಮಾಡಿಸಿ. ಈ ಮಳೆಗಾಲವಿಡೀ ಎರಡೂ ಜಿಲ್ಲೆಯ ಕೆಲವು ಕಾರ್ಖಾನೆಗಳಿಂದ ವಾರಕ್ಕೊಂದು ಚೀಲದ ಮಾದರಿ ತರಿಸಿ ಅಳೆಯಿಸಿ. ಎಷ್ಟು ಚೀಲ ಉತ್ತೀರ್ಣವಾಯಿತೆಂಬ ಲೆಕ್ಕ ಸೆಪ್ಟೆಂಬರ್ ಕೊನೆಗೆ ಮೇಜಿನ ಮೇಲಿದ್ದರೆ, ಟ್ಯಾಂಕು ಸಾವಿರ ಲೀಟರಿನದ್ದು ಬೇಕೋ ಐನೂರರದ್ದು ಸಾಕೋ ಎಂದು ಆಗ ಕೂತು ಮಾತನಾಡಬಹುದು. ಆ ಮಾದರಿಗಳನ್ನು ತೆಗೆಯುವ, ಬೆರೆಸುವ, ಕಟ್ಟುವ ಕ್ರಮವನ್ನು ಕಾರ್ಖಾನೆಗಳಿಗೆ ಬಂದು ತೋರಿಸಲು ನಾವು ಸಿದ್ಧರಿದ್ದೇವೆ.

ಇಂತು,
ಗೇರು ಸಂಸ್ಕರಣೆ ಮತ್ತು ಆಹಾರ ರಸಾಯನಶಾಸ್ತ್ರದಲ್ಲಿ ತೊಡಗಿರುವ ಕೆಲವರು
ಮಂಗಳೂರು–ಉಡುಪಿ